ಹತ್ತು ಸಿಸಿ

ಆಷಾಢದ ಗಾಳಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಸುಗ್ಗಿ. ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬುಲೆಟ್ಟಿನವನಿಗೆ ಶನಿಕಾಟ. ಮುಳಗುಂದದ ದಾರಿ ಹಿಡಿದರೆ ಎರಡೂ ಕಡೆ ಎರೆಹೊಲ, ಗಾಳಿಗೆ ಅಡ್ಡ ಬರುವ ವಸ್ತುವೆಂದರೆ ನಾವೇ. ಹಿಂದೆ ಹೆಂಡತಿ. ಅಕ್ಕಪಕ್ಕ ಎಂದೋ ಲೇಹ್‌ಗೆ ಹೋಗಬೇಕೆಂದು ಹಾಕಿಸಿದ ಕಬ್ಬಿಣದ ಪೆಟ್ಟಿಗೆಗಳು. ಸದ್ಯ ಅವುಗಳಲ್ಲಿ ಅವಳ ತವರಿಗೆ ಹೊರಟ ಶೇಂಗಾ ಹೋಳಿಗೆ. ಎಕ್ಸಲೇಟರ್ ಪೂರ್ತಿ ತಿರುವಿದರೂ ಮುಳ್ಳು ಅರವತ್ತರ ಮೇಲೆ ಏರಲೊಲ್ಲದು. ಹಿಂದಿನಿಂದ ಬಂದ ಸರಕಾರಿ ಬಸ್ಸು ಹಾರ್ನ್ ಬಾರಿಸಿ ಮುಂದೆ ಹೋಗುತ್ತದೆ, ಕಿಟಕಿಯ ಹುಡುಗ ನಮಗೆ ಟಾಟಾ ಮಾಡುತ್ತಾನೆ. ಗಂಡಸಿನ ತಲೆಯಲ್ಲಿ ಇಂಜಿನ್ ದೊಡ್ಡದು ಮಾಡಿಸುವ ವಿಚಾರ ಹುಟ್ಟುವುದು ಇಂಥ ಹೊತ್ತಿನಲ್ಲಿಯೇ.

ನನ್ನದು ಅಪ್ಪ ಕೊಂಡ ಬುಲೆಟ್. 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಕಂಪನಿ ದಶಕಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ಮಾಡುತ್ತಲೇ ಬಂದ ಬೀಡುಕಬ್ಬಿಣದ ಇಂಜಿನ್. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಅದಕ್ಕೆ ಏನೇ ಆದರೂ ನಾವು ಹೋಗುವುದು ಚಾಚಾನ ಗ್ಯಾರೇಜಿಗೆ. ಚಾಚಾ ಮೊದಲು ಗಾಡಿಯನ್ನು ನೋಡುವುದಿಲ್ಲ, ಮಾಲಕನನ್ನೂ ನೋಡುವುದಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳುವುದು ಒಂದೇ ಮಾತು: "ಬುಕ್ ಯಾರ ಹೆಸರಲೆ ಐತ್ರಿ?"

ಅಪ್ಪನ ಹೆಸರಲ್ಲಿದೆ ಎಂದೆ. ನನ್ನ ಆಸೆಯನ್ನೂ ಹೇಳಿದೆ.

"ಬೋರ್ 70, ಸ್ಟ್ರೋಕ್ 90. ನೀವು ಗಣಿತದ ಮಾಸ್ತರು, ಲೆಕ್ಕ ಹಾಕ್ರಿ" ಎಂದು ಚಾಚಾ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟರು. ಸಿಲಿಂಡರಿನ ಘನಫಲ! ಎಷ್ಟು ವರ್ಷದಿಂದ ಮಕ್ಕಳಿಗೆ ಕಲಿಸುತ್ತ ಬಂದಿದ್ದೇನೆ. 'ಇದರಿಂದ ಏನು ಉಪಯೋಗ ಸರ್' ಎಂದು ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಉಪಯೋಗ ಈಗ ತಿಳಿಯಿತು. 346 ಸಿಸಿ ಬಂತು. ಪಿಸ್ಟನ್ನನ್ನು ಒಂದು ಮಿಲಿಮೀಟರ್ ಓವರ್‌ಸೈಜ್ ಹಾಕಿದರೆ 356. ಹೆಚ್ಚಿದ್ದು ಹತ್ತು ಸಿಸಿ, ಅಂದರೆ ಎರಡು ಟೀ ಚಮಚ. ಮನೆಗೆ ಬಂದು ಹೇಳಿದಾಗ ಹೆಂಡತಿ, "ಅಷ್ಟs ಕೆಮ್ಮಿನ ಔಷಧ ನೀವು ದಿನಾ ಕುಡೀತೀರಲ್ರೀ, ನಿಮ್ಮ ಸ್ಪೀಡೇನೂ ಹೆಚ್ಚಾಗಿಲ್ಲ" ಎಂದಳು.

ಹಾಗಾದರೆ ಐನೂರು? ಅದಕ್ಕೆ 84 ಮಿಲಿಮೀಟರಿನ ಪಿಸ್ಟನ್ ಬೇಕು. ಮುನ್ನೂರೈವತ್ತರ ಬ್ಲಾಕನ್ನು ಅಷ್ಟು ಕೊರೆದರೆ ಗೋಡೆಯೇ ಉಳಿಯುವುದಿಲ್ಲ. ಬ್ಲಾಕು, ಹೆಡ್ಡು ಎಲ್ಲ ಐನೂರರದ್ದೇ ತರಬೇಕು, ಕೆಳಗಿನ ಕೇಸಿನ ಬಾಯಿ ಅಗಲ ಮಾಡಬೇಕು. ಇಲ್ಲಿಂದ ಮುಂದೆ ಚಾಚಾ ಬಿಚ್ಚಿಟ್ಟದ್ದು ಇಂಜಿನ್ನಿನ ಲೆಕ್ಕವಲ್ಲ, ಕೂಡುಕುಟುಂಬದ ಕಥೆ. ಹಿರಿಮಗನಿಗೆ ಬಂಗಾರದುಂಗುರ ಮಾಡಿಸಿದ ಸುದ್ದಿ ಅಡುಗೆಮನೆ ಮುಟ್ಟುವ ಮೊದಲೇ ಉಳಿದವರ ಮುಖ ಊದಿರುತ್ತದೆ. ಪಿಸ್ಟನ್ ದೊಡ್ಡದಾಯಿತೆಂದರೆ ಕಾರ್ಬುರೇಟರ್ 'ಇಷ್ಟೊಂದು ಗಾಳಿ-ಪೆಟ್ರೋಲು ನನ್ನ ಕೈಲಾಗದು, ನನ್ನನ್ನೂ ದೊಡ್ಡದು ಮಾಡಿಸು' ಎನ್ನುತ್ತದೆ. ಕ್ಲಚ್ಚು ಜಾರತೊಡಗಿ ಹೊಸ ಪ್ಲೇಟು ಕೇಳುತ್ತದೆ. ಪಿಸ್ಟನ್ನಿನ ತೂಕ ಬದಲಾದ್ದರಿಂದ ಕ್ರ್ಯಾಂಕು ತೂಕ ತಪ್ಪಿ ಮೈನಡುಗಿಸುತ್ತದೆ. ಚೈನು, ಸ್ಪ್ರಾಕೆಟ್ಟು ಬೇರೆಯವು ಬೇಕು. ಇಷ್ಟೆಲ್ಲ ಆದಮೇಲೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಡ್ರಮ್ ಬ್ರೇಕು, 'ಓಡಿಸೋದು ನಿಮ್ಮ ಖುಷಿ, ನಿಲ್ಲಿಸೋದಕ್ಕ ಮಾತ್ರ ನನ್ನ ಕೇಳಬ್ಯಾಡ್ರಿ' ಎಂದು ಕೈತೊಳೆದುಕೊಳ್ಳುತ್ತದೆ.

ಖರ್ಚನ್ನು ಕೇಳಿ ಗಾಬರಿಯಾದರೂ ಹುಮ್ಮಸ್ಸು ಇಳಿಯಲಿಲ್ಲ. ರಾತ್ರಿ ಮತ್ತೆ ಲೆಕ್ಕಕ್ಕೆ ಕೂತೆ. ಹಳೆಯ ಮುನ್ನೂರೈವತ್ತಕ್ಕೆ 18 ಕುದುರೆಶಕ್ತಿ, ಐನೂರಕ್ಕೆ 22. ನಾಲ್ಕು ಕುದುರೆ ಅಂದರೆ ಕಡಿಮೆಯೇ? ಆದರೆ ಗಾಳಿಯ ಲೆಕ್ಕ ಬೇರೆ: ಅದನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋಗಲು ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು. ನಾಲ್ಕು ಕುದುರೆ ಹೆಚ್ಚಿಗೆ ಕಟ್ಟಿದರೆ ನನಗೆ ಸಿಗುವ ವೇಗ ನೂರಕ್ಕೆ ಏಳು. ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಅದೂ ಕಿಕ್ ಹೊಡೆಯದೆ.

ಉಳಿದ ಗಾಳಿಯನ್ನು ತೆಗೆದವನು ನನ್ನ ಅಣ್ಣನ ಮಗ. ಅವನು ಹೊಸ ಹಿಮಾಲಯನ್ 450 ತಂದಿದ್ದಾನೆ. ಅದರ ಬೋರೂ ಕರೆಕ್ಟಾಗಿ 84 ಮಿಲಿಮೀಟರ್, ಹಳೆಯ ಐನೂರರಷ್ಟೇ. ಸಿಸಿ ಕಡಿಮೆ, 452. ಶಕ್ತಿ ಮಾತ್ರ 40ರ ಆಸುಪಾಸು. ನೀರಿನಿಂದ ತಂಪಾಗುವ ಇಂಜಿನ್, ನಾಲ್ಕು ವಾಲ್ವು, ನಿಮಿಷಕ್ಕೆ 8000 ಸುತ್ತು. "ಕಾಕಾ, ತೂತು ದೊಡ್ಡದು ಮಾಡಿದ್ರ ಆಗೂದಿಲ್ಲ, ಉಸಿರಾಡ್ಲಿಕ್ಕೆ ಬರಬೇಕು" ಎಂದ. ಹುಡುಗ ನನ್ನ ಹತ್ತಿರವೇ ಟ್ಯೂಷನ್‌ಗೆ ಬರುತ್ತಿದ್ದವನು.

ಕಾನೂನೂ ಅವನ ಕಡೆಗೇ ನಿಂತಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯವರು ಕೊಟ್ಟ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಚಾಚಾ ಇದನ್ನೇ ಕಡಿಮೆ ಮಾತಿನಲ್ಲಿ ಹೇಳಿದರು: "ಬುಕ್ಕಿನಾಗ 346 ಐತಿ. ಅಪ್ಪಾರ ಹೆಸರಿಗೆ ನೋಟಿಸು ಬಂದ್ರ ಯಾರು ಹೋಗಾವ್ರು?" ಅಪ್ಪ ತೀರಿಕೊಂಡು ವರ್ಷಗಳಾಗಿವೆ.

ಆದರೂ ನನ್ನ ಇಂಜಿನ್ ಹೊಗೆ ಉಗುಳುತ್ತಿದ್ದದ್ದು ಸುಳ್ಳಲ್ಲ. ಸವೆದ ಬ್ಲಾಕಿಗೆ ಆ ಒಂದು ಮಿಲಿಮೀಟರಿನ ಬೋರಿಂಗ್ ಮಾಡಿಸಲೇಬೇಕಿತ್ತು. ಅದು ರಿಪೇರಿ, ತಪ್ಪಲ್ಲ. ಬ್ಲಾಕನ್ನು ಹೊತ್ತುಕೊಂಡು ಗದಗಿನ ಲೇತ್ ಅಂಗಡಿಗೆ ಹೋದೆವು. ಕಟರು ಒಳಗೆ ಇಳಿಯುತ್ತ ಸುತ್ತಿದಂತೆ ಕೆಳಗೆ ಬೀಳುವುದು ಸುರುಳಿಯಲ್ಲ, ಕರಿಹುಡಿ. ಬೀಡುಕಬ್ಬಿಣದ ಗುಣವೇ ಅದು. ಆಮೇಲೆ ಹೋನಿಂಗ್. ಒಳಗೋಡೆಯ ತುಂಬ ಒಂದರ ಮೇಲೊಂದು ಅಡ್ಡಹಾಯುವ ಸಣ್ಣ ಗೀರುಗಳು ಮೂಡಿದವು. ನುಣ್ಣಗೆ ಮಾಡಬಾರದೇ ಎಂದರೆ, "ಆಯಿಲ್ ಎಲ್ಲಿ ನಿಲ್ಲಬೇಕ್ರೀ ಮತ್ತ?" ಎಂದ ಲೇತಿನವ. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಜಾಸ್ತಿ ಬಿಟ್ಟರೆ ಖಟಖಟ, ಕಡಿಮೆ ಬಿಟ್ಟರೆ ಬಿಸಿಗೆ ಹಿಗ್ಗಿ ಜಾಮ್. ಮೈಕ್ರೋಮೀಟರಿನಲ್ಲಿ ಅಳೆದಾದ ಮೇಲೂ ಚಾಚಾ ಹೆಬ್ಬೆರಳಿಂದ ಒಮ್ಮೆ ಸವರಿ ನೋಡಿಯೇ ಹೂಂ ಅಂದರು.

ಗಾಡಿ ಜೋಡಿಸಿ ಕಿಕ್ ಹೊಡೆಯುವ ಗಳಿಗೆ ಬಂತು. ಮೆಲ್ಲಗೆ ಒತ್ತುತ್ತ ಹೋಗಬೇಕು. ಅಮ್ಮೀಟರಿನ ಮುಳ್ಳು ನಡುವಿಗೆ ಬಂದು ನಿಂತಾಗ ಡಿಕಂಪ್ರೆಸರ್ ಎಳೆದು, ಕೂದಲೆಳೆಯಷ್ಟು ಮುಂದೆ ತಳ್ಳಿ, ಲಿವರ್ ಬಿಟ್ಟು, ಆಮೇಲೆ ಮನಸ್ಸಿಟ್ಟು ಒದೆಯಬೇಕು. ಅವಸರ ಮಾಡಿದವನನ್ನು ಗಾಡಿಯೇ ತಿರುಗಿ ಒದೆಯುತ್ತದೆ. ಢಬ್ ಢಬ್ ಶುರುವಾಯಿತು. ಸುತ್ತ ನಿಂತವರಿಗೆ ಎಂದಿನದೇ ಸದ್ದು. ಹತ್ತು ಸಿಸಿ ದಪ್ಪಗೆ ಕೇಳಿದ್ದು ನನಗೊಬ್ಬನಿಗೇ.

ಮೊದಲ ಕೆಲವು ನೂರು ಕಿಲೋಮೀಟರ್ ಐವತ್ತರ ಒಳಗೇ ಓಡಿಸಬೇಕೆಂದು ಚಾಚಾ ಕಟ್ಟಪ್ಪಣೆ ಮಾಡಿದರು. ಐವತ್ತಕ್ಕೆ ಗಾಳಿಯ ತಕರಾರಿಲ್ಲ. ಲಕ್ಕುಂಡಿ, ಡಂಬಳ, ಮುಂಡರಗಿ, ಶಿರಹಟ್ಟಿ ಎಲ್ಲ ಸುತ್ತಾಯಿತು. ಬಸ್ಸುಗಳು ಮುಂದೆ ಹೋದವು, ಟಂಟಂಗಳೂ ಹೋದವು. ಯಾರಾದರೂ ಪಕ್ಕಕ್ಕೆ ಬಂದು ನೋಡಿದರೆ ನನ್ನ ಹೆಂಡತಿಯೇ ಕೂಗಿ ಹೇಳುತ್ತಿದ್ದಳು: "ಹೊಸಾ ಬೋರಿಂಗ್ ಐತ್ರೀ, ಜೋರ ಹೊಡೆಯೂ ಹಂಗಿಲ್ಲ!" ಗಾಡಿ ಹಳೆಯದು ಎನ್ನುವುದಕ್ಕಿಂತ ಇದೇ ಮರ್ಯಾದೆಯ ಮಾತೆಂದು ಅವಳಿಗೆ ಹೊಳೆದಿತ್ತು.

ಕಳೆದ ಆಷಾಢದಲ್ಲಿ ಅಣ್ಣನ ಮಗ 450ರ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ಬಂದ. ಹೆಲ್ಮೆಟ್ ತೆಗೆದವನೇ, "ಕಾಕಾ, ಗಾಳಿ ಭಾಳ. ಇದಕ್ಕ ದೊಡ್ಡ ಪಿಸ್ಟನ್ ಹಾಕಸಾಕ್ ಬರ್ತೈತೇನು, ಚಾಚಾಗ ಕೇಳೋಣ ನಡಿ" ಎಂದ. ಕರೆದುಕೊಂಡು ಹೋದೆ. ಚಾಚಾ ಕೈ ಒರೆಸಿಕೊಂಡರು.

"ಬುಕ್ ಯಾರ ಹೆಸರಲೆ ಐತಿ?"

"ನನ್ನ ಹೆಸರಲೇ ಐತಿ ಚಾಚಾ. ಆದ್ರ ಸಾಲ ಇನ್ನೂ ಮೂರು ವರ್ಷ ಐತಿ."

"ಹಂಗಾದ್ರ ಗಾಡಿ ಬ್ಯಾಂಕಿನವರದಾತು. ಅವರ ಪಿಸ್ಟನ್ ನಾವ್ಯಾಕ ದೊಡ್ಡದು ಮಾಡೂಣು? ಅವರs ಬಂದು ಮಾಡಿಸಿಕೊಳ್ಳಲಿ ಬಿಡು."