ಪ್ರದಕ್ಷಿಣೆಗೆ ಯಾವ ಲೇನು?

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರನ್ನು ಕಟ್ಟಿದವರಿಗೆ ಸಿಗ್ನಲ್ ದೀಪಗಳ ಮೇಲೆ ಅಂಥ ಪ್ರೀತಿ ಇದ್ದಂತಿಲ್ಲ. 1967ರಲ್ಲಿ ಹೊಸ ನಗರವೆಂದು ಗೊತ್ತುಮಾಡಿ, ಉದ್ದಕ್ಕೆ ‘ವಿ’ ರಸ್ತೆ, ಅಡ್ಡಕ್ಕೆ ‘ಎಚ್’ ರಸ್ತೆ ಎಂದು ಗೆರೆ ಎಳೆದು, ಕೂಡುವಲ್ಲೆಲ್ಲ ರೌಂಡಬೌಟ್ ಇಡುತ್ತಾ ಹೋದರು. ಈಗ ಸುಮಾರು 130 ಇವೆ. ಅಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ ಮೈಸೂರಿನ ಸಾಫ್ಟ್‌ವೇರ್ ಮಹಾಶಯನೊಬ್ಬ ಸ್ಕೂಲು, ದಿನಸಿ ಅಂಗಡಿ, ದೋಸೆ ಸಿಗುವ ಹೋಟೆಲು ಎಲ್ಲ ವಿಚಾರಿಸಿದ್ದ, ಇದೊಂದು ಬಿಟ್ಟುಹೋಗಿತ್ತು. ಆ ಮಹಾಶಯನೇ ಈ ಪ್ರಬಂಧದ ಕರ್ತೃ ಎಂದು ಯಾರಾದರೂ ಆಡಿಕೊಂಡರೆ ಅವನ ತಕರಾರಿಲ್ಲ.

ಅವನೇನು ಹೊಸಬನಲ್ಲ. ಕೆ.ಆರ್. ಸರ್ಕಲ್ಲಿನಲ್ಲಿ ನಾಲ್ವಡಿಯವರ ಪ್ರತಿಮೆ ಸುತ್ತಿ ಪಳಗಿದ ಕೈ. ಅಲ್ಲಿ ಲೇನೆಂದರೆ ಬಸ್ಸಿಗೂ ಆಟೋಗೂ ನಡುವೆ ಆ ಗಳಿಗೆಗೆ ಸಿಕ್ಕ ಜಾಗ. ಇಲ್ಲಿ ಒಳಗೆ ಹೋಗುವ ಮುಂಚೆಯೇ ತೀರ್ಮಾನ ಆಗಿರಬೇಕು. ಮೊದಲ ಎಕ್ಸಿಟ್ಟಿಗೆ ಎಡ ಲೇನು, ಎಡ ಇಂಡಿಕೇಟರ್. ಬಲಕ್ಕೆ ತಿರುಗಲು ಬಲ ಲೇನು, ಬಲ ಇಂಡಿಕೇಟರ್. ಬೇಕಾದದ್ದರ ಹಿಂದಿನ ಎಕ್ಸಿಟ್ ದಾಟಿದ ಕೂಡಲೇ ಎಡ ಇಂಡಿಕೇಟರ್. ನೇರ ಹೋಗುವವರಿಗೆ ಸಾಮಾನ್ಯವಾಗಿ ಎಡ ಲೇನು, ರಸ್ತೆಯ ಮೇಲೆ ಬೇರೆ ಬರೆದಿರದಿದ್ದರೆ. ಕಿತಾಪತಿ ಇರುವುದು ಈ ಬರವಣಿಗೆಯಲ್ಲೇ. ಯಾವ ಲೇನು ಎಲ್ಲಿಗೆ ಎಂದು ಡಾಂಬರಿನ ಮೇಲೆ ದೊಡ್ಡ ಬಿಳಿ ಅಕ್ಷರ ಬರೆದಿರುತ್ತಾರೆ. ಸರಿಯಾಗಿ ಅದರ ಮೇಲೆ ಮುಂದಿನ ಕಾರು ನಿಂತಿರುತ್ತದೆ.

ಊರಿಂದ ಬಂದಿದ್ದ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತರಕಾರಿಗೆ ಹೊರಟ ದಿನ ಮಹಾಶಯ ಬಲ ಲೇನಿನಲ್ಲಿ ಒಳಹೊಕ್ಕ. ಹೊರಬರುವ ಹೊತ್ತಿಗೆ ಎಡಗಡೆ ಉದ್ದನೆಯ ಲಾರಿ. ಎಕ್ಸಿಟ್ ಹಿಂದೆ ಹೋಯಿತು, ಲಾರಿ ಮುಂದೆ ಹೋಯಿತು, ಅವನು ಸುತ್ತ ಹೋದ. ಮರಳಿ ಬರುವಷ್ಟರಲ್ಲಿ ಅಲ್ಲೊಬ್ಬ ಸೈಕಲ್ ಸವಾರ. ಮತ್ತೆ ಸುತ್ತು. ನಡುವಿನ ಹುಲ್ಲುದಿಬ್ಬದಲ್ಲಿ ಮೇಯುತ್ತಿದ್ದ ಮೊಲವೊಂದು ಮೊದಲು ಕಿವಿ ನಿಮಿರಿಸಿ ನೋಡಿತು, ಆಮೇಲೆ ಪರಿಚಯದವರೆಂದು ಮೇಯತೊಡಗಿತು. ಜಿಪಿಎಸ್ಸಿನ ಹೆಂಗಸು ಒಂದಿಷ್ಟೂ ದನಿ ಏರಿಸದೆ “ಮೂರನೇ ಎಕ್ಸಿಟ್” ಎಂದಳು. ಬಲ ಇಂಡಿಕೇಟರ್ ಟಿಕ್ ಟಿಕ್ ಎಂದು ತಾಳ ಹಾಕುತ್ತಿತ್ತು.

“ಏನೋ ಮಗ, ಹರಕೆ ಏನಾದ್ರೂ ಹೊತ್ತಿದ್ಯಾ?”

“ಲೇನು ಸಿಗ್ತಿಲ್ಲಮ್ಮ.”

“ಸರಿ ಬಿಡು, ಬಲಗಡೆಗೆ ಇಟ್ಕೊಂಡೇ ಸುತ್ತುತಿದೀಯಲ್ಲ, ಪ್ರದಕ್ಷಿಣೆನೇ ಆಯ್ತು. ಎರಡಕ್ಕೆ ನಿಲ್ಲಿಸ್ಬೇಡ, ಮೂರು ಮಾಡಿಬಿಡು.”

ಅಮ್ಮನ ಅಪ್ಪಣೆಯಾದ ಮೇಲೆ ಸಂಕೋಚವೆಲ್ಲಿ? ಬ್ರಿಟನ್ನಿನ ಹೈವೇ ಕೋಡ್ ಇಷ್ಟೇ ಸುತ್ತು ಎಂದು ಮಿತಿಯನ್ನೂ ಹಾಕಿಲ್ಲ. ಮಹಾಶಯ ಬೆನ್ನು ನೆಟ್ಟಗೆ ಮಾಡಿಕೊಂಡು, ದಾರಿ ತಪ್ಪಿದವನ ಮುಖ ತೆಗೆದು ಸೇವಾಕರ್ತನ ಮುಖ ಹಾಕಿಕೊಂಡ.

ಸುತ್ತದವರೂ ಇದ್ದರು. ಅವನ ಮುಂದಿದ್ದ ಕಾರಿನವನು ಒಳಲೇನಿನಿಂದ ಒಮ್ಮೆಗೇ ಎಡಕ್ಕೆ ಎಳೆದ. ಊರ ತುಂಬ ಸೈಕಲ್ಲಿಗೆಂದೇ ಬೇರೆ ದಾರಿಗಳಿದ್ದರೂ ರಸ್ತೆಗಿಳಿದಿದ್ದ ಆ ಸವಾರ ಬ್ರೇಕ್ ಹಿಡಿದು, ಕಾಲೂರಿ, ಬೀಳದೆ ಉಳಿದ. ಸೈಕಲ್ಲು, ಕುದುರೆ ಸವಾರರು ಬಲಕ್ಕೆ ಹೋಗುವುದಿದ್ದರೂ ಎಡ ಲೇನಿನಲ್ಲೇ ಸುತ್ತಬಹುದು, ಅವರಿಗೆ ಜಾಗ ಬಿಡಿ ಎಂದು ಅದೇ ಹೈವೇ ಕೋಡ್ ಹೇಳುತ್ತದೆ. ಕಾರಿನವನು ಕಿಟಕಿಯಿಂದ ಥ್ಯಾಂಕ್ಸ್ ಎಂಬಂತೆ ಕೈ ಬೇರೆ ಆಡಿಸಿದ. ಒಂದು ಸುತ್ತಿನ ಪೆಟ್ರೋಲು ಉಳಿಸಿದ ಗಿರಾಕಿ.

ಒಳಗಿರುವವರಿಗೆ ಮೊದಲ ಹಕ್ಕು, ಬಲದಿಂದ ಬರುವವರಿಗೆ ದಾರಿ ಬಿಡಬೇಕು ಎಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು 1966ರಲ್ಲಿ. ಅದಕ್ಕೂ ಮುಂಚೆ ಎಲ್ಲರೂ ನುಗ್ಗಿ, ಯಾರೂ ಹೊರಬರಲಾಗದೆ ವೃತ್ತವೇ ಕಟ್ಟಿಕೊಳ್ಳುತ್ತಿತ್ತು. ನಿಯಮ ಬಂದದ್ದೇ ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಎಂಜಿನಿಯರಿಗೆ ಹುರುಪು ಹತ್ತಿತು. 1972ರಲ್ಲಿ ಸ್ವಿಂಡನ್ನಿನಲ್ಲಿ ಐದು ಪುಟ್ಟ ರೌಂಡಬೌಟುಗಳನ್ನು ಒಂದರ ಸುತ್ತ ಕೂರಿಸಿಬಿಟ್ಟರು. ಹೊರಗಿನ ಓಟ ಗಡಿಯಾರದಂತೆ. ನಡುವಿನದರ ಸುತ್ತ ಮಾತ್ರ ಉಲ್ಟಾ.

ಯುಗಾದಿ ಊಟಕ್ಕೆ ಸ್ವಿಂಡನ್ನಿನ ಗೆಳೆಯರ ಮನೆಗೆ ಹೊರಟಾಗ ಮಹಾಶಯ ಇದನ್ನು ಅಮ್ಮನಿಗೆ ಹೆಮ್ಮೆಯಿಂದ ವಿವರಿಸಿದ.

“ಎಡಗಡೆಗೆ ಬಿಟ್ಕೊಂಡು ಸುತ್ತೋದಾ? ಅಪ್ರದಕ್ಷಿಣೆ ಕಣೋ ಅದು! ಅದೂ ಹಬ್ಬದ ದಿನ!”

ಹೊರಗಿನ ದಾರಿಯೇ ಗಟ್ಟಿಯಾಯಿತು. ಪುಟ್ಟ ವೃತ್ತ ಸಿಕ್ಕಿದಲ್ಲೆಲ್ಲ ನಿಂತು, ಬಲಗಡೆಯವರಿಗೆಲ್ಲ ದಾರಿ ಬಿಟ್ಟು ಕಾರು ತೆವಳುತ್ತಿದ್ದಾಗ, ಟ್ಯಾಕ್ಸಿಯೊಂದು ನಡುವಿನಿಂದ ಸರ್ರನೆ ಉಲ್ಟಾ ಸುತ್ತಿ ಆಚೆ ದಾಟಿತು.

“ಪಾಪ, ಮನೇಲಿ ಹೇಳೋ ಹಿರಿಯರು ಇಲ್ಲ ಅನ್ಸತ್ತೆ” ಎಂದರು ಅಮ್ಮ.