ಸಮುದ್ರ ಬಲಕ್ಕೆ, ಸ್ಲೈಡರ್ ಎಡಕ್ಕೆ

ಕಾರವಾರದಲ್ಲಿ ವಿಮಾನ ನಿಲ್ದಾಣ ಇಲ್ಲ, ವಿಮಾನ ಇದೆ. ಟಾಗೋರ್ ಕಡಲತೀರದಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯ ನೆರೆಯಲ್ಲೇ, ನೌಕಾಪಡೆಯ ಟುಪೊಲೆವ್ 142 ರೆಕ್ಕೆ ಚಾಚಿಕೊಂಡು ನಿಂತಿದೆ. 1988ರಿಂದ 2017ರವರೆಗೆ ಕಡಲಿನ ಮೇಲೆ ಅಲೆದು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಪಡೆಯ ವಿಮಾನ ಅದು. ನಮ್ಮೂರಿಗೆ ಬಂದದ್ದು ಮಾತ್ರ ತಮಿಳುನಾಡಿನ ಅರಕ್ಕೋಣಂನಿಂದ, ಬಿಡಿಭಾಗಗಳಾಗಿ, ಲಾರಿ ಹತ್ತಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 50 ಮೀಟರ್. ನಾಲ್ಕು ಎಂಜಿನ್ನು, ಒಂದೊಂದಕ್ಕೂ ಒಂದರ ಹಿಂದೊಂದು ಎರಡು ಪಂಖ. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಅದಕ್ಕೆ ವಿರುದ್ಧ. ಹೀಗೂ ಒಂದು ಸಂಸಾರ ನಡೆಯುತ್ತದೆ, ಅದೂ ಆಕಾಶದಲ್ಲಿ, ಎಂದು ನಮ್ಮ ಮನೆಯವಳಿಗೆ ತೋರಿಸಿದೆ. ಅವಳು ನೆಲಗಡಲೆಯವನನ್ನು ಕರೆದಳು.

ನಾನು ವಿಮಾನ ಹಾರಿಸುವುದು ಕಾಜುಬಾಗದ ಮನೆಯ ಒಳಕೋಣೆಯಲ್ಲಿ, ಹೊಲಿಗೆ ಯಂತ್ರಕ್ಕೂ ಅಕ್ಕಿ ಡಬ್ಬಿಗೂ ನಡುವೆ ಸಿಕ್ಕ ಜಾಗದಲ್ಲಿ. ನನ್ನ ಕಂಪ್ಯೂಟರಿನೊಳಗಿರುವುದು ಕೋರ್ 2 ಡ್ಯುವೋ. ಅದರಲ್ಲಿ ಓಡುವುದು ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರ್ ಎಕ್ಸ್. ಎರಡೂ ಪೇಟೆಗೆ ಬಂದದ್ದು 2006ರಲ್ಲೇ. ಸಮವಯಸ್ಕರು, ಹೊಂದಿಕೊಂಡಾರು ಎಂದು ಯಾರಾದರೂ ಎಣಿಸಿದರೆ ಅವರು ಸಂಬಂಧ ಕೂಡಿಸಿ ಅನುಭವವಿಲ್ಲದವರು. ಮೊನ್ನೆ ಸಂಜೆ ಕಾಳಿ ನದಿ ಕಡಲು ಸೇರುವಲ್ಲಿ, ಸಾವಿರ ಅಡಿ ಎತ್ತರದಲ್ಲಿ, ನನ್ನ ವಿಮಾನ ಗಕ್ಕನೆ ನಿಂತುಬಿಟ್ಟಿತು. ನಿಜವಾದ ವಿಮಾನಕ್ಕೆ ಇಲ್ಲದ ಸೌಕರ್ಯ ಇದು. "ಚಾ ತಣ್ಣಗಾಗ್ತದೆ, ಇಳೀರಿ" ಎಂದು ಅಡುಗೆಮನೆಯಿಂದ ಕೂಗು ಬಂತು. ಇಳಿಯುವುದೆಲ್ಲಿಗೆ?

ನಮ್ಮ ಅಂಕೋಲೆಯ ಅಳಿಯನ ಹತ್ತಿರ 2020ರ ಹೊಸ ಸಿಮ್ಯುಲೇಟರ್ ಇದೆ. ಅದಕ್ಕೆ ಡಿಸ್ಕಿನಲ್ಲಿ ಕಡಿಮೆಯೆಂದರೂ 150 ಜಿಬಿ ಜಾಗ ಬೇಕು. ಭೂಮಿಯ ಚಿತ್ರ ಅಂತರ್ಜಾಲದಿಂದ ಹರಿದು ಬರುತ್ತಲೇ ಇರಬೇಕು. ನನ್ನ ಇಡೀ ಡಿಸ್ಕು 160 ಜಿಬಿ, ಅದರಲ್ಲಿ ಮಗಳ ಮದುವೆಯ ಫೋಟೋಗಳೂ ಇವೆ. ಅಳಿಯ ಮೇ ತಿಂಗಳಲ್ಲಿ ಕರಿ ಈಶಾಡು ಮಾವಿನಹಣ್ಣಿನ ಬುಟ್ಟಿ ಹಿಡಿದು ಬಂದಿದ್ದ. 2023ರಲ್ಲಿ ಆ ಹಣ್ಣಿಗೆ ಭೌಗೋಳಿಕ ಮಾನ್ಯತೆ ಸಿಕ್ಕಮೇಲೆ ಅವನು ಬುಟ್ಟಿ ಇಳಿಸುವ ಗತ್ತೇ ಬೇರೆಯಾಗಿದೆ. ನನ್ನ ಪರದೆ ನೋಡಿ, "ಮಾವಾ, ಇದನ್ನ ಚಪಲ್ ಪಕ್ಕಕ್ಕೆ ಕೊಂಡ್ಹೋಗಿ ಇಡಿ. ಜನ ಟಿಕೆಟ್ ತಗೊಂಡು ನೋಡ್ತಾರೆ" ಎಂದ. ಹಣ್ಣು ತಿನ್ನುತ್ತಿದ್ದೆನಾದ್ದರಿಂದ ಉತ್ತರ ಕೊಡಲಾಗಲಿಲ್ಲ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎಂಬುದು ಅವನ ಇನ್ನೊಂದು ಸಲಹೆ. ನನ್ನ ಸಿಮ್ಯುಲೇಟರಿನ ಮಟ್ಟಿಗೆ ಅದು ಅರ್ಧ ಔಷಧ. ಇದನ್ನು ಕಟ್ಟಿದವರು ಮುಂದಿನ ಪ್ರೊಸೆಸರುಗಳ ವೇಗ ಏರುತ್ತಲೇ ಹೋಗುತ್ತದೆ ಎಂದು ನಂಬಿದ್ದರು. ಜಗತ್ತು ಬೇರೆ ದಾರಿ ಹಿಡಿಯಿತು. ವೇಗ ಏರುವ ಬದಲು ಕೋರುಗಳ ಸಂಖ್ಯೆ ಏರಿತು. ಇದಾದರೋ ಹೆಚ್ಚಿನ ಹೊರೆಯನ್ನು ಒಂದೇ ಕೋರಿನ ಹೆಗಲಿಗೆ ಹಾಕುತ್ತದೆ. 2007ರಲ್ಲಿ ಒಂದಿಷ್ಟು ತಿದ್ದುಪಡಿ ಬಂದು ಉಳಿದ ಕೋರುಗಳಿಗೂ ಚೂರುಪಾರು ಕೆಲಸ ಸಿಕ್ಕಿತು, ಅಷ್ಟೆ. ಕೂಡುಕುಟುಂಬ ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಉಳಿದದ್ದು ಸ್ಲೈಡರುಗಳು. ಗ್ರಾಫಿಕ್ಸ್, ವಿಮಾನ, ದೃಶ್ಯ, ಹವೆ, ಸಂಚಾರ ಎಂದು ಪುಟಗಳು. ಪ್ರತಿ ಪುಟದಲ್ಲೂ ಎಡದಿಂದ ಬಲಕ್ಕೆ ಎಳೆಯುವ ಗುಂಡಿಗಳು. ಬಲಕ್ಕೆ ಹೋದಷ್ಟೂ ಚಂದ, ಎಡಕ್ಕೆ ಬಂದಷ್ಟೂ ವೇಗ. ಶಿಫ್ಟ್ ಒತ್ತಿ ಜೆಡ್ ಕುಟ್ಟಿದರೆ ಪರದೆಯ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ ಅಕ್ಷಾಂಶ, ರೇಖಾಂಶ, ಎತ್ತರ ಬರುತ್ತವೆ. ಇನ್ನೊಮ್ಮೆ ಕುಟ್ಟಿದರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತಿದೆ ಎಂಬ ಲೆಕ್ಕ. ಸಿನಿಮಾಕ್ಕೆ 24 ಸಾಕು. ನನ್ನದು ಗೋವೆಯ ದಾಬೋಲಿಯಲ್ಲಿ 9 ತೋರಿಸುತ್ತಿತ್ತು. ರಕ್ತದೊತ್ತಡ ನೋಡಿಕೊಳ್ಳುವ ವಯಸ್ಸಿನವನು ಈ ಇನ್ನೊಂದು ಅಂಕಿಯನ್ನೂ ಹಚ್ಚಿಕೊಳ್ಳಬಾರದಿತ್ತು.

ದಾಬೋಲಿಯಿಂದಲೇ ಯಾಕೆ ಎಂದಿರಾ? ಹತ್ತಿರದ ರನ್‌ವೇ ಅದು. ನೇರ ಹಾರಿದರೆ ಸುಮಾರು 70 ಕಿಲೋಮೀಟರ್. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ, ಜೊತೆಗೆ ನಮ್ಮಂಥವರಿಗೂ ಒಂದು ಟರ್ಮಿನಲ್ ಎಂಬ ಯೋಜನೆ ಇದೆ. ನನ್ನ 2006ರ ಭೂಪಟಕ್ಕೆ ಆ ಸುದ್ದಿ ತಲುಪಿಲ್ಲ. ಹಾಗಾಗಿ ನಾನು ಆರಿಸಿಕೊಂಡದ್ದು ಗ್ರುಮ್ಮನ್ ಗೂಸ್. 1937ರಲ್ಲಿ ಮೊದಲು ಹಾರಿದ ಈ ಮುದಿ ಬಾತು ರನ್‌ವೇಯಿಂದ ಏಳುತ್ತದೆ, ನೀರಿನ ಮೇಲೆ ಇಳಿಯುತ್ತದೆ. ಇಳಿಯುವ ಮೊದಲು ಚಕ್ರ ಒಳಗೆ ಎಳೆದುಕೊಳ್ಳಬೇಕು; ಚಕ್ರ ಬಿಟ್ಟು ನೀರು ಮುಟ್ಟಿದರೆ ಮುಗ್ಗರಿಸುತ್ತದೆ. ದಾಬೋಲಿಯಲ್ಲಿ ಎದ್ದು, ಸಮುದ್ರವನ್ನು ಬಲಕ್ಕೆ ಇಟ್ಟುಕೊಂಡು, ಕಾಣಕೋಣ, ಮಾಜಾಳಿ ದಾಟಿ, ಸದಾಶಿವಗಡದ ಕೋಟೆಗುಡ್ಡ ಕಂಡಾಗ ಕಾಳಿಯ ಅಳಿವೆಯಲ್ಲಿ ಕೂತರಾಯಿತು. ನಿಲ್ದಾಣವೂ ಬೇಡ, ಭೂಸ್ವಾಧೀನವೂ ಬೇಡ.

ಬಲ್ಲವರೆಲ್ಲ ಹೇಳುವುದು ಒಂದೇ: ಮೊದಲು ನೀರಿನ ಸ್ಲೈಡರ್ ಎಡಕ್ಕೆ ಎಳಿ. ಹೇಳುವವರು ಸಿಯಾಟಲ್, ಲಂಡನ್ ಮೇಲೆ ಹಾರುವವರು. ಅವರಿಗೆ ಕಟ್ಟಡ ಕಾಣಬೇಕು. ಕಾರವಾರದ ಮೇಲೆ ಹಾರುವವನ ಅರ್ಧ ಪರದೆ ನೀರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದುಳಿದ ರವೀಂದ್ರನಾಥರು ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಂಥ ನೀರನ್ನು ನೀಲಿ ಆಯಿಲ್ ಪೇಂಟ್ ಬಳಿದ ತಗಡು ಮಾಡಲು ನನಗೆ ಕೈ ಬರಲಿಲ್ಲ. 'ಲೋ 2.ಎಕ್ಸ್' ಎಂಬ ಮೆಟ್ಟಿಲಿನಲ್ಲಿ ನಿಲ್ಲಿಸಿದೆ. ಅಷ್ಟಿದ್ದರೆ ನೀರಿಗೆ ಪ್ರತಿಬಿಂಬ ಹಿಡಿಯುವ ಗುಣ ಬರುತ್ತದೆ. ಮೆಶ್ ಎಂಬುದನ್ನೂ ಮುಟ್ಟಲಿಲ್ಲ. ಅದು ನೆಲದ ಏರುತಗ್ಗು. ಅದನ್ನು ಇಳಿಸಿದರೆ ಸದಾಶಿವಗಡ ಚಪ್ಪಟೆಯಾಗಿದ್ದು, ಹತ್ತಿರ ಹೋದಾಗ ದಿಢೀರನೆ ತಲೆ ಎತ್ತುತ್ತದೆ. ಶಿವಾಜಿಯ ಕಾಲದಲ್ಲಿದ್ದರೆ ಉಪಯೋಗಕ್ಕೆ ಬರುತ್ತಿತ್ತು.

ಉಳಿದದ್ದಕ್ಕೆ ಕೈ ಹಾಕಿದೆ. ಬೆಳಕಿನ ಬ್ಲೂಮ್ ತೆಗೆದೆ. ಕಣ್ಣಿನ ಪೊರೆ ತೆಗೆಸಿಕೊಂಡವನಿಗೆ ಅದರ ಹಂಗಿಲ್ಲ. ನೆಲದ ನೆರಳು ತೆಗೆದೆ. ರಸ್ತೆ ವಾಹನ ಸೊನ್ನೆ. ಹಡಗು, ದೋಣಿ ಸೊನ್ನೆಗೆ ಬಂದೊಡನೆ ಕಡಲು ಜೂನ್ ಒಂದರಿಂದ 61 ದಿನ ಮೀನುಗಾರಿಕೆ ನಿಷೇಧವಿರುವಾಗಿನ ಬೈತಖೋಲ ಬಂದರಿನ ಹಾಗೆ ಬಿಕೋ ಎಂದಿತು. ಮೋಡ ಅರ್ಧಕ್ಕೆ ಇಳಿಸಿದೆ. ನಮ್ಮ ಆಷಾಢದ ಮೋಡವನ್ನು ಪೂರ್ತಿ ಬಿಡಿಸುವ ಕಂಪ್ಯೂಟರ್ ಇನ್ನೂ ಹುಟ್ಟಬೇಕು.

ಕೊನೆಗೆ ಆಟೋಜೆನ್. ಸಿಮ್ಯುಲೇಟರ್ ತಾನೇ ಊಹಿಸಿ ನೆಡುವ ಮನೆ, ಮರ ಇವು. ಸೊನ್ನೆಗೆ ಎಳೆದೆ, ಊರು ಒಮ್ಮೆಲೇ ಬೋಳು. ಪಕ್ಕದ ಮನೆಯ ಅಜ್ಜ ಕವಳ ಹಾಕುತ್ತ ನೋಡುತ್ತಿದ್ದರು. ಅವರದು ಮೂಲ ಅರ್ಗಾದ ಕಡೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಕದಂಬ ನೌಕಾನೆಲೆ ಆಗುವ ಹೊತ್ತಿಗೆ ಆ ಕಡೆಯ ಊರಿನವರು ಎದ್ದು ಬೇರೆ ಬೇರೆ ಕಡೆ ನೆಲೆಯಾಗಿದ್ದರು. "ನಮ್ಮೂರೂ ಹೀಂಗೇ ಖಾಲಿ ಆದದ್ದು. ಎರಡು ತೆಂಗಿನಮರ ಆದ್ರೂ ಇಡು ಮಾರಾಯಾ" ಎಂದರು. ಒಂದು ಮೆಟ್ಟಿಲು ಬಲಕ್ಕೆ ಸರಿಸಿದೆ. ತೆಂಗಿನಮರವೇ ಬಂತೆಂದು ಹೇಳಲಾರೆ, ಯಾವುದೋ ಮರ ಬಂತು. ಅಜ್ಜ ತಲೆಯಾಡಿಸಿದರು.

ಈಗ ಸೆಕೆಂಡಿನ ಚಿತ್ರಗಳ ಲೆಕ್ಕಕ್ಕೆ 20ರಲ್ಲಿ ಬೀಗ ಹಾಕಿದ್ದೇನೆ. ಒಮ್ಮೆ 35ಕ್ಕೆ ಹಾರಿ ಮರುಕ್ಷಣ 8ಕ್ಕೆ ಬೀಳುವುದಕ್ಕಿಂತ ಸದಾ 20ರಲ್ಲಿ ಸಾಗುವುದು ಕಣ್ಣಿಗೂ ಹಿತ, ಕೈಗೂ ಹಿತ. ಗೂಸ್ ಅಳಿವೆಯಲ್ಲಿ ಇಳಿಯುವಾಗ ನೀರು ಚಿಮ್ಮುವುದೂ ಕಾಣುತ್ತದೆ. ಹೊಸ ಕಂಪ್ಯೂಟರ್ ಎಲ್ಲವನ್ನೂ ತೋರಿಸುತ್ತದೆ. ಹಳೆಯದು, ನಿನಗೆ ಬೇಕಾದದ್ದು ಯಾವುದು ಹೇಳು ಎಂದು ಕೇಳುತ್ತದೆ.

ನಿಮ್ಮದೂ ಹಳೆಯ ಯಂತ್ರವಾದರೆ ಪರರ ಪಟ್ಟಿ ನಕಲು ಮಾಡಬೇಡಿ. ನಿಮ್ಮೂರಿನ ಮೇಲೆ ಒಂದು ಸುತ್ತು ಹಾರಿ, ಕಣ್ಣಿಗೆ ಏನು ಬೇಕೋ ಅದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಡಕ್ಕೆ ಎಳೆಯಿರಿ. ಬಯಲುಸೀಮೆಯವರಾದರೆ ನೀರನ್ನು ಧೈರ್ಯವಾಗಿ ಸೊನ್ನೆ ಮಾಡಬಹುದು. ನಿಮಗೆ ಹೇಗೂ ಅದು ಟ್ಯಾಂಕರಿನಲ್ಲಿ ಬರುತ್ತದೆ.