ಅತಿಥಿಸೂತ್ರ: ರಿಚರ್ಡ್ಸ್ ಟೌನ್ ಪಾಠ, ಸಭಾಷ್ಯ

ಅಥಾತೋ ಅತಿಥಿಧರ್ಮಜಿಜ್ಞಾಸಾ. ಈ ಜಿಜ್ಞಾಸೆ ಹುಟ್ಟುವುದು ಯಾವಾಗ? ಸಂಜೆ ದಂಡು ಸ್ಟೇಷನ್ನಿನಲ್ಲಿ ಇಳಿದು, ಆಟೋದವನ ಜತೆ ಚೌಕಾಸಿ ಮುಗಿಸಿ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯ ಪುಸ್ತಕದಲ್ಲಿ ‘ಬಂದ ಕಾರಣ’ ಎಂಬ ಕಾಲಮ್ಮಿನೆದುರು ಪೆನ್ನು ಹಿಡಿದು ನಿಂತಾಗ ಎಂದು ಭಾಷ್ಯಕಾರರು.

ಇನ್ನು ದೇಶವಿಚಾರ. ಮಂಕಿ ಟಾಪ್ ಕಿಟಕಿಯ ಬಂಗಲೆಗಳ ಕಾಲದಲ್ಲಿ ಅತಿಥಿಗೊಂದು ಕೋಣೆ ಮಿಗುತ್ತಿತ್ತು. ಬಂಗಲೆ ಬಿದ್ದು ಫ್ಲ್ಯಾಟು ಎದ್ದ ಮೇಲೆ ಅವನು ಹಾಲಿನ ದಿವಾನದ ಮೇಲೆ, ಎಲ್ಲರ ಓಡಾಟಕ್ಕೂ ಅಡ್ಡವಾಗಿ ಪವಡಿಸುತ್ತಾನೆ. ಶಾಸ್ತ್ರ ಬೇಕಾದದ್ದೇ ಆಗ.

ಕಾಲವಿಚಾರದಲ್ಲಿ ಪ್ರಮಾಣಗಳು ಎರಡು. ಮನುಸ್ಮೃತಿಯ 3ನೇ ಅಧ್ಯಾಯ ಒಂದು ರಾತ್ರಿಗೆ ಮುಗಿಸುತ್ತದೆ. ಪಕ್ಕದ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ವಿಚಾರಿಸಿದರೆ, ಹದೀಸಿನಂತೆ ಆತಿಥ್ಯ ಮೂರು ದಿನ, ಆಮೇಲಿನದು ದಾನ. ವೀಸಾ ಕೆಲಸಕ್ಕೆಂದು ಬಂದ ಭಾವಮೈದುನನ ಬಗ್ಗೆ ಎರಡೂ ಮೌನ.

ಪೂರ್ವಪಕ್ಷ: ‘ನಂಗೇನೂ ಬೇಡ, ನೀವು ತೊಂದ್ರೆ ತಗೋಬೇಡಿ’ ಎನ್ನುವವನೇ ಉತ್ತಮ ಅತಿಥಿ.

ಅಲ್ಲ. ಅವನಷ್ಟು ತ್ರಾಸ ಕೊಡುವವರು ಇನ್ನೊಬ್ಬರಿಲ್ಲ. ರಾತ್ರಿ ಹತ್ತಕ್ಕೆ ಮನೆಯಾಕೆ ಫಿಲ್ಟರಿನ ಮುಂದೆ ನಿಂತು, “ಬೆಳಿಗ್ಗೆ ಕಾಫಿನಾ, ಟೀನಾ ಅಣ್ಣ?” ಎನ್ನುತ್ತಾಳೆ. “ಯಾವ್ದಾದ್ರೂ ಆಗತ್ತಮ್ಮ” ಎಂಬ ಸಂತನ ಉತ್ತರ. ಡಿಕಾಕ್ಷನ್ ರಾತ್ರಿಯೇ ಇಳಿಯಬೇಕು. ‘ಯಾವ್ದಾದ್ರೂ’ಗೆ ಎಷ್ಟು ಚಮಚ ಪುಡಿ? ಅವಳು ಫಿಲ್ಟರಿನ ತುಂಬ ಹಾಕುತ್ತಾಳೆ, ಟೀ ಪುಡಿಯನ್ನೂ ಹುಡುಕಿಡುತ್ತಾಳೆ. ಬೆಳಿಗ್ಗೆ ಆತ ಬಿಸಿನೀರು ಸಾಕೆನ್ನುತ್ತಾನೆ. ಆದ್ದರಿಂದ ಸಿದ್ಧಾಂತ: ಕಾಫಿ, ಅರ್ಧ ಚಮಚ ಸಕ್ಕರೆ, ಆರೂಕಾಲಿಗೆ. ಹೀಗೆ ಕೇಳುವವನು ಸೊಕ್ಕಿನವನೆಂದು ಊರಲ್ಲಿ ಆಡಿಕೊಂಡಾರು. ಅವನಿಂದ ಒಂದು ಮನೆ ನೆಮ್ಮದಿಯಾಗಿ ಮಲಗುತ್ತದೆ.

ಇದೇ ಜಾತಿಗೆ ಸೇರಿದವನು, ಯಾರಿಗೂ ಎಚ್ಚರವಾಗದಿರಲೆಂದು ನಾಲ್ಕೂವರೆಗೆ ಎದ್ದು, ಲೈಟೂ ಫ್ಯಾನೂ ಹಾಕದೆ ಕತ್ತಲಲ್ಲಿ ಕೂತಿರುವವನು. ನೀರು ಕುಡಿಯಲು ಬಂದ ಮಗು ಕಿರುಚಿದಾಗ ಮೇಲಿನ ಮಹಡಿಗೂ ಎಚ್ಚರವಾಗುತ್ತದೆ. ರಿಚರ್ಡ್ಸ್ ಪಾರ್ಕಿಗೆ ವಾಕಿಂಗ್ ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಬರೀ ಓರೆ ಮಾಡಿ ಹೋಗುವವನ ವಿಷಯ ಪ್ರಾಯಶ್ಚಿತ್ತಕಾಂಡಕ್ಕೆ ಸೇರಿದ್ದು.

ಜಲಾಧಿಕರಣ. ತಾರಸಿಯ ಸೋಲಾರಿನಿಂದ ಬಿಸಿನೀರು ಇಳಿದು ಬರುವ ತನಕ ನಲ್ಲಿಯಲ್ಲಿ ತಣ್ಣೀರೇ. ಅದನ್ನು ಬಚ್ಚಲಿಗೆ ಬಿಡುವವನು ಕೇಳಲಿ: 1974ರಿಂದ ಈ ಊರಿಗೆ ಕಾವೇರಿ ಹರಿದು ಬಂದದ್ದಲ್ಲ, ಹತ್ತಿ ಬಂದದ್ದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪಾಗಿ, ಸುಮಾರು 100 ಕಿ.ಮೀ. ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರ. ಮೊದಲ ಬಕೆಟ್ಟನ್ನು ಹಿಡಿದಿಡುವವನಿಗೆ ಎರಡನೇ ದೋಸೆ ಕೇಳುವ ಅಧಿಕಾರವುಂಟು.

ಹಾಸಿಗೆಯ ಬಗ್ಗೆ ಒಂದೇ ಮಾತು. ಹೊದ್ದ ದುಪ್ಪಟಿಯನ್ನು ಇಸ್ತ್ರಿ ಮಾಡಿದಂತೆ ಮಡಚಿ ಒಗೆದವುಗಳ ಮೇಲಿಡಬೇಡಿ. ಮುಂದಿನ ಅತಿಥಿ ನಿಮ್ಮ ಅತ್ತೆಯೇ ಇರಬಹುದು.

ಲಾಡ್ಜಿನಲ್ಲಿ ತಂಗಿದರೆ ಇಷ್ಟೆಲ್ಲ ರಗಳೆಯೇ ಇಲ್ಲವಲ್ಲ ಎಂಬ ನವ್ಯರ ವಾದವಿದೆ. “ನಮ್ಮನೆ ಇರುವಾಗ ಲಾಡ್ಜಾ?” ಎಂಬ ಒಂದೇ ಪ್ರಶ್ನೆ ಮುಂದಿನ ಮೂರು ಮದುವೆಗಳಲ್ಲೂ ಎದುರಾಗುವುದರಿಂದ ಆ ವಾದ ನಿಲ್ಲುವುದಿಲ್ಲ.

ಕೊನೆಯದು ನಿರ್ಗಮನಾಧ್ಯಾಯ. ‘ಬರ್ತೀನಿ’ ಎಂದ ಮೇಲೆ ಹೊಸಿಲ ಬಳಿ ಎಷ್ಟು ಹೊತ್ತು ನಿಲ್ಲಬಹುದು, ಮಗುವಿನ ಕೈಗೆ ತುರುಕಿದ ನೋಟು ಎಷ್ಟು ಸಲ ಹಿಂದಿರುಗಿದ ಬಳಿಕ ಸ್ವೀಕೃತವೆನಿಸುತ್ತದೆ ಎಂಬ ಗಹನ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿತ್ತು. ಆ ಹಾಳೆಗಳು ಈಗ ಅಲಭ್ಯ. ಅತಿಥಿಗೆ ಚಕ್ಕುಲಿ ಕಟ್ಟಿಕೊಡಲು ಮನೆಯಾಕೆ ಅವನ್ನೇ ಬಳಸಿದಂತಿದೆ.